ಗಾಳಿ ಹ್ಯಾಂಡಲ್‌ಗೆ ಬೇಡ, ಚಾಸಿಗೆ ಹೋಗಲಿ: ಕಲಬುರಗಿಯ ಒಂದು ಮೀಟಿಯಾರ್ ಬ್ಯಾಗರ್ ಆದ ಪ್ರಕರಣ

ನನ್ನದು ಗೇಟು, ಗ್ರಿಲ್ಲು ಮಾಡುವ ಅಂಗಡಿ. ಕಲಬುರಗಿಯ ಹುಮನಾಬಾದ್ ರಸ್ತೆ ಕಡೆ ಇದೆ. ಬೈಕ್ ಮಾಡಿಫೈ ಮಾಡುವುದು ನನ್ನ ಕಸುಬಲ್ಲ. ಆದರೂ ಹೋದ ವರ್ಷ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅಂಗಡಿಯ ಒಂದು ಮೂಲೆಯನ್ನು ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350 ಹಿಡಿದುಕೊಂಡು ನಿಂತಿತ್ತು. ನಮ್ಮ ಕಾಕಾನ ಮಗನ ಗಾಡಿ. ಅದನ್ನು ಬ್ಯಾಗರ್ ಮಾಡಲೇಬೇಕು ಅಂತ ತಮ್ಮನ ಹಟ.

ಬ್ಯಾಗರ್ ಅಂದರೆ ತಗ್ಗಾದ ಕ್ರೂಸರ್ ಬೈಕು, ಅದರ ಮುಂದೆ ಗಾಳಿ ತಡೆಯುವ ದೊಡ್ಡ ಮುಖವಾಡ, ಹಿಂದೆ ಎರಡೂ ಬದಿಗೆ ಗಟ್ಟಿ ಪೆಟ್ಟಿಗೆ. ಮುಖವಾಡಕ್ಕೆ ಫೇರಿಂಗ್ ಅನ್ನುತ್ತಾರೆ. ಅಮೆರಿಕದ ಉದ್ದುದ್ದ ಹೆದ್ದಾರಿಗೆ ಹುಟ್ಟಿದ ಆಕಾರ ಇದು. ತಮ್ಮ ಹೈದರಾಬಾದಿನಲ್ಲಿ ಅಮೆರಿಕದ ಹಾರ್ಲಿ ಕಂಪನಿಯ ಸ್ಟ್ರೀಟ್ ಗ್ಲೈಡ್ ಅನ್ನುವ ಬ್ಯಾಗರ್ ನೋಡಿ ಬಂದಿದ್ದ. ರೋಗ ಅಲ್ಲಿಂದ ಹತ್ತಿತು.

ಬರೀ ಶೋಕಿ ಆಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಅವನು ಬೀಜದ ಕಂಪನಿಯಲ್ಲಿ ಸೇಲ್ಸ್ ಕೆಲಸ ಮಾಡುತ್ತಾನೆ. ಇವತ್ತು ಅಫಜಲಪುರ, ನಾಳೆ ಚಿತ್ತಾಪುರ, ನಾಡಿದ್ದು ಹುಮನಾಬಾದ್ ದಾಟಿ ಬೀದರ್. ಬೆನ್ನಿಗೆ ಬ್ಯಾಗು, ಅದರೊಳಗೆ ಸ್ಯಾಂಪಲ್ ಪಾಕೀಟು, ಬಿಲ್ ಬುಕ್ಕು, ಬುತ್ತಿ. ಎದೆಗೆ ಗಾಳಿ, ಬಾಯಿಗೆ ಎರೆಮಣ್ಣಿನ ಧೂಳು. ಸಂಜೆ ಮನೆಗೆ ಬಂದರೆ ಭುಜ ಎತ್ತೋಕೆ ಆಗುತ್ತಿರಲಿಲ್ಲ. ಹಾಗಾಗಿ ಒಪ್ಪಿದೆ. ಒಪ್ಪುವಾಗ ನನಗೂ ಒಂಚೂರು ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲು ಕಾಟಾ ಮೇಲೆ

ಮೀಟಿಯಾರ್ 350 ಮಾರುಕಟ್ಟೆಗೆ ಬಂದಿದ್ದು 2020ರ ನವೆಂಬರ್‌ನಲ್ಲಿ. 349 ಸಿಸಿ ಎಂಜಿನ್, 20 ಬಿಎಚ್‌ಪಿಗಿಂತ ಚೂರು ಜಾಸ್ತಿ ಶಕ್ತಿ. ಮುಂದೆ 19 ಇಂಚಿನ ಚಕ್ರ, ಹಿಂದೆ 17. ಕಂಪನಿ ಲೆಕ್ಕದಲ್ಲಿ ತೂಕ 191 ಕಿಲೋ. ತಮ್ಮನದು ಸೆಕೆಂಡ್ ಹ್ಯಾಂಡ್ ಗಾಡಿ. ಲೆಗ್ ಗಾರ್ಡ್, ಬ್ಯಾಕ್‌ರೆಸ್ಟ್ ಮೊದಲೇ ಇದ್ದವು.

ಪರಿಚಯದ ಒಂದು ದಾಲ್ ಮಿಲ್‌ನಲ್ಲಿ ತೊಗರಿ ಚೀಲ ತೂಗುವ ಕಾಟಾ ಇದೆ. ಗಾಡಿಯನ್ನು ಅಲ್ಲಿಗೆ ಒಯ್ದೆವು. ಒಂದು ಚಕ್ರ ಕಾಟಾ ಮೇಲೆ, ಇನ್ನೊಂದು ಅಷ್ಟೇ ಎತ್ತರದ ಹಲಗೆ ಮೇಲೆ. ಆಮೇಲೆ ತಿರುವಿ ಇನ್ನೊಂದು ಚಕ್ರ. ಒಟ್ಟು 196 ಕಿಲೋ ಬಂತು. ಹಮಾಲರು ನಗುತ್ತಿದ್ದರು. ಆದರೆ ಆವತ್ತು ಚೀಟಿಯಲ್ಲಿ ಬರೆದ ಆ ಎರಡು ಅಂಕಿಗಳೇ ಮುಂದೆ ನಮ್ಮನ್ನು ಉಳಿಸಿದವು.

ಅದಕ್ಕೂ ಮೊದಲು ತಮ್ಮ ಆನ್‌ಲೈನ್‌ನಲ್ಲಿ ಒಂದು ಫೇರಿಂಗ್ ತರಿಸಿ ದುಡ್ಡು ಕಳೆದುಕೊಂಡಿದ್ದ. 'ಎಲ್ಲ ಕ್ರೂಸರ್‌ಗೂ ಹೊಂದುತ್ತದೆ' ಅಂತ ಬರೆದಿತ್ತಂತೆ. ಹೆಡ್‌ಲೈಟಿನ ತೂತು ಸಣ್ಣದು, ಕ್ಲಾಂಪಿನ ಅಗಲ ಬೇರೆ. ಬಾಗಿಲ ಅಳತೆ ತೆಗೆಯದೆ ಗ್ರಿಲ್ಲು ಮಾಡಿದ ಹಾಗೆ. ಆದ್ದರಿಂದ ನಾವೇ ಫೈಬರಿನಲ್ಲಿ ಮಾಡುವುದು ಅಂತ ಆಯ್ತು.

ಖಾರಿ ಚಹಾದಲ್ಲಿ ಬಿದ್ದ ದಿನ

ಫೈಬರ್ ಕೆಲಸಕ್ಕೆ ಒಬ್ಬ ಉಸ್ತಾದ್ ಇದ್ದಾರೆ. ಬಸ್ಸಿನ ಬಂಪರು, ಮದುವೆ ಮಂಟಪದ ಕಂಬ, ಜೀಪಿನ ಟಾಪು ಎಲ್ಲ ಮಾಡುತ್ತಾರೆ. ಆ ವಾರ ಅವರು ಊರಲ್ಲಿರಲಿಲ್ಲ. ನಮಗೆ ತಡೆಯಲಿಲ್ಲ. ಫ್ರಿಜ್ಜಿನ ಪ್ಯಾಕಿಂಗಿನಲ್ಲಿ ಬಂದ ಥರ್ಮಾಕೋಲ್ ಗಡ್ಡೆಗಳನ್ನು ಅಂಟಿಸಿ, ಕಾಯಿಸಿದ ಹ್ಯಾಕ್ಸಾ ಬ್ಲೇಡಿನಿಂದ ಕೊರೆದು, ಎರಡು ದಿನದಲ್ಲಿ ಚೆಂದನೆಯ ಬಾವಲಿ ರೆಕ್ಕೆಯ ಆಕಾರ ತೆಗೆದಿದ್ದೆವು. ಬ್ಯಾಟ್‌ವಿಂಗ್ ಅಂತಾರಲ್ಲ, ಅದು. ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ ಅನ್ನುವ ಅಂಟು ಬಳಿದು ಫೈಬರ್ ಮ್ಯಾಟ್ ಹಾಸಿದೆವು.

ಮೊದಲು ಒಂದು ಸಣ್ಣ ಚುರ್ ಸದ್ದು. ಆಮೇಲೆ ಮೂಗಿನ ಭಾಗ ಮೆಲ್ಲಗೆ ಕುಸಿಯಿತು. ಬಿಸಿ ಚಹಾದಲ್ಲಿ ಅದ್ದಿದ ಖಾರಿ ಬಿಸ್ಕತ್ತು ಬಟ್ಟಲೊಳಗೆ ಬಿದ್ದುಹೋಗುತ್ತದಲ್ಲ, ಥೇಟ್ ಹಾಗೆ. ಹತ್ತು ನಿಮಿಷಕ್ಕೆ ಎರಡು ದಿನದ ಕೆಲಸ ಅಂಟು ಗಂಜಿ ಆಗಿತ್ತು. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ಇರುತ್ತದೆ, ಅದು ಥರ್ಮಾಕೋಲನ್ನು ಕರಗಿಸುತ್ತದೆ. ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಮಾತು. ನಮಗಿಬ್ಬರಿಗೆ ಗೊತ್ತಿರಲಿಲ್ಲ.

ಉಸ್ತಾದ್ ಬಂದು ನೋಡಿದರು. ಬೈಯಲಿಲ್ಲ. 'ಥರ್ಮಾಕೋಲ್‌ಗೆ ಮೊದ್ಲ ಅಂಗಿ ಹಾಕ್ಬೇಕ್ರಿ' ಅಂದರು. ಎರಡನೇ ಸಲ ಥರ್ಮಾಕೋಲ್ ಮೇಲೆ ಪಿಒಪಿ ಹಚ್ಚಿ, ಒಣಗಿಸಿ, ಉಜ್ಜಿ, ಪ್ರೈಮರ್ ಹೊಡೆದು, ಮೇಲೆ ಮೇಣದ ಪಾಲಿಷ್ ನಾಲ್ಕು ಕೈ ತಿಕ್ಕಿದೆವು. ಅದರ ಮೇಲೆ ಅಚ್ಚು ತೆಗೆದದ್ದು, ಅಚ್ಚಿನೊಳಗೆ ಕೊನೆಯ ತುಂಡು ಎರೆದದ್ದು. ಹೊರಗೆ ಜೆಲ್‌ಕೋಟ್, ಒಳಗೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಮೂರು ಪದರ. ಬೋಲ್ಟು ಬರುವ ಕಡೆ ಐದು ಪದರ, ನಡುವೆ ಒಂದು ಕಬ್ಬಿಣದ ಪಟ್ಟಿ.

ನಮ್ಮೂರ ಬಿಸಿಲಿನದ್ದೇ ಇನ್ನೊಂದು ಕಥೆ. ರೆಸಿನ್ ಗಟ್ಟಿ ಮಾಡುವ ಹಾರ್ಡ್ನರ್ ಸಾಮಾನ್ಯವಾಗಿ ನೂರು ಗ್ರಾಂ ರೆಸಿನ್ನಿಗೆ ಒಂದರಿಂದ ಎರಡು ಗ್ರಾಂ. ಏಪ್ರಿಲ್ ಮಧ್ಯಾಹ್ನ 42 ಡಿಗ್ರಿಯಲ್ಲಿ ಎರಡು ಗ್ರಾಂ ಹಾಕಿದರೆ ಬ್ರಷ್ ಅದ್ದುವಷ್ಟರಲ್ಲಿ ಮಗ್ಗಿನೊಳಗೇ ಗಟ್ಟಿಯಾಗಿ ಹೊಗೆ ಬರುತ್ತಿತ್ತು. ಒಂದಕ್ಕೆ ಇಳಿಸಿ, ಬೆಳಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ನಿಲ್ಲಿಸುತ್ತಿದ್ದೆವು. ಉಸ್ತಾದ್ ಒಂದು ವಿಷಯದಲ್ಲಿ ಮಾತ್ರ ಭಾರಿ ಕಟ್ಟುನಿಟ್ಟು. ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾಕುವ ಕೋಬಾಲ್ಟ್ ಬಾಟಲಿ ಒಂದು ಮೂಲೆಗೆ, ಹಾರ್ಡ್ನರ್ ಬಾಟಲಿ ಇನ್ನೊಂದು ಮೂಲೆಗೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಕಲಸಿ, ಆಮೇಲೆ ಹಾರ್ಡ್ನರ್. ಅವೆರಡೂ ನೇರ ಕೂಡಿದರೆ ಬೆಂಕಿ ಹತ್ತುತ್ತದೆ, ಸ್ಫೋಟವೂ ಆಗಬಹುದು. ಮನೆಯಲ್ಲಿ ಪ್ರಯೋಗ ಮಾಡುವ ಹುಡುಗರು ಇದೊಂದನ್ನು ನೆನಪಿಡಬೇಕು.

ಮಹಾಗಾಂವ ಕ್ರಾಸಿನಿಂದ ಕಮಲಾಪುರದವರೆಗೆ

ಮೇ ಕೊನೆಗೆ ಬ್ಯಾಟ್‌ವಿಂಗ್ ಗಾಡಿ ಏರಿತು. ಮುಂದಿನ ಚಕ್ರ ಹಿಡಿದು ಹ್ಯಾಂಡಲ್ ಜೊತೆ ತಿರುಗುವ ಎರಡೂ ಫೋರ್ಕ್ ಪೈಪಿಗೆ ಕ್ಲಾಂಪ್ ಹಾಕಿ ಕೂರಿಸಿದೆವು. ಮೇಲೆ ಗಾಳಿ ತಡೆಯುವ ಗ್ಲಾಸು, ಎರಡು ಸ್ಪೀಕರು, ಕ್ಲಾಂಪು ಎಲ್ಲ ಸೇರಿ 9 ಕಿಲೋ. ಹಿಂದೆ ಫೈಬರ್ ಪೆಟ್ಟಿಗೆಗಳೂ ಕೂತವು. ನೋಡಲು ಏನು ಚೆಂದ ಅಂತೀರಿ! ಕಾಕಾ ಒಂದು ಸುತ್ತು ಹಾಕಿ ನೋಡಿ, 'ಗಾಡಿಗಿ ಬಾಸಿಂಗ ಕಟ್ಟೀರೇನೋ?' ಅಂದ.

ಊರೊಳಗೆ ಏನೂ ತೊಂದರೆ ಇಲ್ಲ. ರಿಂಗ್ ರೋಡಿನಲ್ಲೂ ಇಲ್ಲ. ಜೂನ್ ಮೊದಲ ವಾರ ಮಿರಗದ, ಅಂದರೆ ಮೃಗಶಿರ ಮಳೆಯ ಗಾಳಿ ಎದ್ದಿತು. ತಮ್ಮ ಹುಮನಾಬಾದಿಗೆ ಹೊರಟವನು ಅರ್ಧ ದಾರಿಯಿಂದ ಫೋನ್ ಮಾಡಿದ. ದನಿ ನಡುಗುತ್ತಿತ್ತು. 'ಅಣ್ಣಾ, ಹ್ಯಾಂಡಲ್ ನನ್ನ ಕೈಯಾಗ ಇಲ್ಲ, ತಾನ ತಿರಗಲಿಕತ್ತದ.' ಜೊತೆಗೆ 90 ಕಿಲೋಮೀಟರ್ ವೇಗದಲ್ಲಿ ಗಾಡಿಯ ಹಿಂಭಾಗ ಹಾವಿನಂತೆ ಆಡುತ್ತಿತ್ತಂತೆ.

ಹುಮನಾಬಾದಿನ ದಾರಿ ಹೆಚ್ಚುಕಮ್ಮಿ ಉತ್ತರಕ್ಕೆ ಹೋಗುತ್ತದೆ. ಮಳೆಗಾಳಿ ಬರುವುದು ಪಶ್ಚಿಮದಿಂದ. ಅಂದರೆ ಹೋಗುವಾಗ ಪೂರಾ ಎಡ ಪಕ್ಕೆಗೆ ಹೊಡೆತ. ಎರಡೂ ಕಡೆ ಬಯಲು ಹೊಲ, ಅಡ್ಡ ಒಂದು ಗಿಡ ಇಲ್ಲ. ವಾಪಸ್ ಬರುವಾಗ ಎದುರಿಂದ ಲಾರಿ ಬಂದರೆ ಒಂದು ಕ್ಷಣ ಗಾಳಿ ನಿಂತು, ಲಾರಿ ದಾಟಿದ ಕೂಡಲೇ ಎರಡರಷ್ಟು ಬಂದ ಹಾಗೆ ಬಡಿಯುತ್ತದೆ.

ಎಲ್ಲರೂ ಒಂದೊಂದು ಹೇಳಿದರು. ಮೆಕ್ಯಾನಿಕ್ ಹ್ಯಾಂಡಲ್ ಬುಡದ ಬೇರಿಂಗು, ಅಂದರೆ ಕೋನ್ ಸೆಟ್ ಸಡಿಲ ಅಂದ, ಬಿಗಿ ಮಾಡಿಸಿದೆವು. ಇನ್ನೊಬ್ಬ ಟೈರಿನ ಗಾಳಿ ಅಂದ, ಅದನ್ನೂ ನೋಡಿದೆವು. ಏನೂ ಬದಲಾಗಲಿಲ್ಲ. ಆಗ ಕೂತು ಒಂದು ತೀರ್ಮಾನ ಮಾಡಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ರಸ್ತೆ, ಅದೇ ವೇಗ. ಮಹಾಗಾಂವ ಕ್ರಾಸಿನಿಂದ ಕಮಲಾಪುರದವರೆಗೆ, ಬೆಳಗ್ಗೆ ಆರಕ್ಕೆ, ರಸ್ತೆ ಖಾಲಿ ಇರುವಾಗ. ನಾನು ಹಿಂದೆ ಇನ್ನೊಂದು ಗಾಡಿಯಲ್ಲಿ.

ಮೊದಲ ದಿನ ಪೆಟ್ಟಿಗೆ ಖಾಲಿ, ಫೇರಿಂಗ್ ಇದೆ. 90ರಲ್ಲಿ ಹಿಂಭಾಗ ಹಾವಿನಂತೆ ಆಡುವುದು ನಿಂತಿತು. ಆದರೆ ಪಕ್ಕದ ಗಾಳಿಗೆ ಹ್ಯಾಂಡಲ್ ಎಳೆಯುವುದು ಹಾಗೇ ಇತ್ತು. ಎರಡನೇ ದಿನ ಗ್ಲಾಸು ಬಿಚ್ಚಿದೆವು. ಎಳೆತ ಕಡಿಮೆಯಾಯಿತು, ಹೋಗಲಿಲ್ಲ. ಮೂರನೇ ದಿನ ಫೇರಿಂಗನ್ನೇ ಬಿಚ್ಚಿ, ಪೆಟ್ಟಿಗೆಗೆ ಸಾಮಾನು ತುಂಬಿದೆವು. ಹ್ಯಾಂಡಲ್ ಸುಮ್ನಾಯಿತು, ಹಾವಿನಾಟ ವಾಪಸ್ ಬಂತು. ಅಂದರೆ ನಮ್ಮದು ಒಂದು ರೋಗವಲ್ಲ, ಎರಡು. ಎರಡೂ ಒಟ್ಟಿಗೇ ಬಂದದ್ದರಿಂದ ಯಾರಿಗೂ ತಿಳಿದಿರಲಿಲ್ಲ.

ಹಾವಿನಾಟದ ಕಾರಣ ದಾಲ್ ಮಿಲ್ಲಿನ ಕಾಟಾ ಹೇಳಿತು. ಪೆಟ್ಟಿಗೆ ತುಂಬಿ ತೂಗಿದರೆ ಹಿಂದಿನ ಚಕ್ರದ ತೂಕ ಏರಿತ್ತು ಸರಿ, ಮುಂದಿನದು ಮೊದಲ ಚೀಟಿಗಿಂತ ಇಳಿದಿತ್ತು. ಪೆಟ್ಟಿಗೆಗಳನ್ನು ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಕೂರಿಸಿದ್ದೆವು, ಚೆಂದ ಕಾಣಲಿ ಅಂತ. ಆಕ್ಸಲ್ ಹಿಂದಿನ ಭಾರ ತಕ್ಕಡಿಯಂತೆ ಮುಂದಿನ ಚಕ್ರವನ್ನು ಎತ್ತುತ್ತದೆ. ಮುಂದಿನ ಚಕ್ರ ಹಗುರಾದರೆ ವೇಗದಲ್ಲಿ ಹಿಡಿತ ತಪ್ಪುತ್ತದೆ.

ಹ್ಯಾಂಡಲ್ ಎಳೆತದ ಕಾರಣ ಫೇರಿಂಗ್ ಕೂತ ಜಾಗ. ಫೋರ್ಕಿಗೆ ಕಟ್ಟಿದ ಫೇರಿಂಗ್ ಹ್ಯಾಂಡಲ್ ಜೊತೆ ತಿರುಗುತ್ತದೆ. ಅದಕ್ಕೆ ಬಡಿದ ಗಾಳಿ ಹ್ಯಾಂಡಲನ್ನೂ ತಿರುಗಿಸುತ್ತದೆ. ಜೊತೆಗೆ 9 ಕಿಲೋ ಭಾರ ಹ್ಯಾಂಡಲ್ ಜೊತೆ ಓಲಾಡುತ್ತದೆ. ಒಮ್ಮೆ ಅಲುಗಿದರೆ ತಡೆಯಲು ಜಾಸ್ತಿ ಬಲ ಬೇಕು. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. 60ರಲ್ಲಿ ಎಷ್ಟು ತಳ್ಳುತ್ತದೋ 90ರಲ್ಲಿ ಅದರ ಎರಡೂಕಾಲು ಪಟ್ಟು. ರಿಂಗ್ ರೋಡಿನಲ್ಲಿ ಗೊತ್ತಾಗದ್ದು ಕಮಲಾಪುರದ ಬಯಲಲ್ಲಿ ಗೊತ್ತಾದದ್ದು ಇದಕ್ಕೇ.

'ಹಾರ್ಲಿಗ್ಯಾಕ ಹಿಂಗ ಆಗಂಗಿಲ್ಲ?' ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ. ಹಾರ್ಲಿ 1969ರಲ್ಲಿ ಎಲೆಕ್ಟ್ರಾ ಗ್ಲೈಡ್‌ಗೆ ಬ್ಯಾಟ್‌ವಿಂಗ್ ತಂದಿದ್ದು ಫೋರ್ಕಿನ ಮೇಲೆಯೇ. ಸ್ಟ್ರೀಟ್ ಗ್ಲೈಡ್‌ಗೂ ಹಾಗೇ. ಆದರೆ ಅದು 360 ಕಿಲೋ ದಾಟಿದ ಗಾಡಿ. ಫೋರ್ಕು, ಬೇರಿಂಗು, ಚಾಸಿ ಎಲ್ಲ ಆ ಭಾರಕ್ಕೆ ಲೆಕ್ಕ ಹಾಕಿ ಮಾಡಿದ್ದು. ಆನೆ ಅಂಬಾರಿ ಹೊರುತ್ತದೆ ಅಂತ ಕರುವಿನ ಮೇಲೆ ಇಟ್ಟರೆ ಆಗುತ್ತಾ? ಅದೇ ಕಂಪನಿ 1980ರ ಟೂರ್ ಗ್ಲೈಡ್‌ನಲ್ಲಿ ಫೇರಿಂಗನ್ನು ಚಾಸಿಗೆ ಕಟ್ಟಿತು, 1998ರಲ್ಲಿ ಬಂದ ರೋಡ್ ಗ್ಲೈಡ್‌ನಲ್ಲೂ ಅದೇ ದಾರಿ. ಚಾಸಿಗೆ ಕಟ್ಟಿದರೆ ಗಾಳಿ ಇಡೀ ಗಾಡಿಯನ್ನು ತಳ್ಳುತ್ತದೆ, ಹ್ಯಾಂಡಲನ್ನು ಮುಟ್ಟುವುದಿಲ್ಲ. ನಮಗೂ ಅದೇ ದಾರಿ ಅಂತ ತೀರ್ಮಾನವಾಯಿತು. ತಮ್ಮ ಎರಡು ದಿನ ಮಾತಾಡಲಿಲ್ಲ. ಬ್ಯಾಟ್‌ವಿಂಗ್ ಅವನ ಕನಸಾಗಿತ್ತು.

ಬಾಯಿ ತೆರೆದ ಮೊಸಳೆ

ಚಾಸಿಗೆ ವೆಲ್ಡಿಂಗ್ ಮಾಡಬಾರದು ಅಂತ ಮೊದಲ ದಿನವೇ ನಾನು ಹೇಳಿದ್ದೆ. ವೆಲ್ಡಿಂಗ್ ಮಾಡಿ ಹೊಟ್ಟೆ ಹೊರೆಯುವವನೇ ಹೇಳುತ್ತಿದ್ದೇನೆ. ಕಾಯ್ದ ಕಡೆ ಪೈಪಿನ ಗುಣ ಬದಲಾಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಮೀಟಿಯಾರ್‌ಗೆ ಎಂಜಿನ್ ಮುಂದೆ ಎರಡು ಪೈಪು ಇಳಿಯುತ್ತವೆ. ಅವೆರಡಕ್ಕೂ ಒಳಗೆ ರಬ್ಬರ್ ಇಟ್ಟ ಎರಡು ತುಂಡಿನ ಕ್ಲಾಂಪು. ಮೂರನೇ ಆಸರೆ ಲೆಗ್ ಗಾರ್ಡಿನ ಬೋಲ್ಟು. ಅವುಗಳ ಮೇಲೆ 19 ಎಂಎಂ ಪೈಪಿನ ಒಂದು ಹಂದರ. ಫೇರಿಂಗ್ ಕೂರುವುದು ಆ ಹಂದರದ ಮೇಲೆ. ನಾಲ್ಕು ಬೋಲ್ಟು ಬಿಚ್ಚಿದರೆ ಮೇಲಿನದೆಲ್ಲ ಕೈಗೆ ಬರುತ್ತದೆ.

ಕಷ್ಟ ಇದ್ದದ್ದು ಹೆಡ್‌ಲೈಟಿನದು. ಅದು ಫೋರ್ಕ್ ಮೇಲೆ ಕೂತು ಹ್ಯಾಂಡಲ್ ಜೊತೆ ತಿರುಗುತ್ತದೆ, ಫೇರಿಂಗ್ ಈಗ ತಿರುಗುವುದಿಲ್ಲ. ಹೆಡ್‌ಲೈಟನ್ನು ಕಿತ್ತು ಫೇರಿಂಗಿಗೆ ಹಾಕಬಹುದಿತ್ತು. ನನಗೆ ಮನಸ್ಸಾಗಲಿಲ್ಲ. ಕಂಪನಿ ದೀಪ ಕಂಪನಿ ಜಾಗದಲ್ಲೇ ಇರಲಿ ಅಂತ, ಅದು ಎರಡೂ ಕಡೆ ಪೂರ್ತಿ ತಿರುಗುವಷ್ಟು ದೊಡ್ಡ ಬಾಯಿ ಬಿಟ್ಟೆವು. ಹಳೆ ಅಚ್ಚಿನ ಮೇಲೆ ಮತ್ತೆ ಪಿಒಪಿ, ಮತ್ತೆ ಉಜ್ಜುವುದು. ಹೊಸ ಮುಖ ನೋಡಿ ಉಸ್ತಾದ್ 'ಭೀಮಾ ನದಿ ಮೊಸಳಿ ಆಗ್ಯದ ನೋಡ್ರಿ' ಅಂದರು. ನಿಜ, ಬಾಯಿ ತೆರೆದ ಮೊಸಳೆಯೇ. ಈಗ ನನಗೆ ಅದೇ ಇಷ್ಟ.

ಬಣ್ಣ ಹೊಡೆಯುವ ಮೊದಲು ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡಬೇಕು. ನಾವು ಹ್ಯಾಂಡಲಿನ ಎರಡೂ ತುದಿಗೆ ಥರ್ಮಾಕೋಲ್ ತುಂಡು ಕಟ್ಟಿ ತಿರುಗಿಸಿದೆವು, ಎಲ್ಲಿ ಉಜ್ಜಿ ಪುಡಿಯಾಗುತ್ತದೆ ನೋಡಲು. ಕೈಬೆರಳಿಗೂ ಫೇರಿಂಗಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಎಂಜಿನ್ ಚಾಲೂ ಮಾಡಿ ತಿರುಗಿಸಿದಾಗ ಇನ್ನೊಂದು ಹುಳುಕು ಸಿಕ್ಕಿತು. ಎಡಕ್ಕೆ ಪೂರ್ತಿ ತಿರುಗಿಸಿದರೆ ಎಂಜಿನ್ ತಾನೇ ಗುರ್ ಅಂತ ಏರುತ್ತಿತ್ತು. ಎಕ್ಸಲರೇಟರ್ ಕೇಬಲ್ ಹಂದರದ ಪೈಪಿಗೆ ಸಿಕ್ಕಿ ಎಳೆಯುತ್ತಿತ್ತು. ಸಂದಿಯಲ್ಲಿ ಯೂ ಟರ್ನ್ ಹೊಡೆಯುವಾಗ ಹೀಗಾಗಿದ್ದರೆ? ಕೇಬಲ್ ದಾರಿ ಬದಲಿಸಿದೆವು, ಐದು ನಿಮಿಷದ ಕೆಲಸ.

ಕಾಕಾನಿಗೆ ಕಾಲಿಗೂ ಫೈಬರ್ ಮರೆ ಬೇಕಿತ್ತು. ಬೇಡ ಅಂದೆ. ಈ ಎಂಜಿನ್ ಗಾಳಿಯಿಂದ, ಮುಂದಿನ ಆಯಿಲ್ ಕೂಲರ್‌ನಿಂದ ತಣ್ಣಗಾಗುತ್ತದೆ. ಕಲಬುರಗಿ ಬೇಸಿಗೆಯಲ್ಲಿ ಅದಕ್ಕೆ ಕದ ಹಾಕಿದರೆ ಕಾಲು ಬೇಯುತ್ತದೆ, ಎಂಜಿನ್ನೂ ಬೇಯುತ್ತದೆ.

ಗ್ಲಾಸಿಗೆ ಮೊದಲು ಅಕ್ರಿಲಿಕ್ ಹಾಕಿದ್ದೆವು. ಲಾರಿ ಚಕ್ರದಿಂದ ಹಾರಿದ ಒಂದು ಕಡಿ ಬಡಿದು ಬೋಲ್ಟಿನ ತೂತಿನಿಂದ ಬಿರುಕು ಓಡಿತು. ಈಗ ಇರುವುದು 3 ಎಂಎಂ ಪಾಲಿಕಾರ್ಬೊನೇಟ್. ಒಡೆಯುವುದಿಲ್ಲ, ಗೀರು ಬೀಳುತ್ತದೆ. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೆ ಮಂಜಾಗುತ್ತದೆ. ಒಂದು ಮೂಲೆ ಹಾಗೆ ಹಾಳಾಗಿದೆ, ಮಾಡಿದವನು ನಾನೇ.

ಗ್ಲಾಸು ಎತ್ತರ ಇದ್ದರೆ ಗಾಳಿ ಬರುವುದಿಲ್ಲ ಅನ್ನುವುದು ತಪ್ಪು ಲೆಕ್ಕ. ಗ್ಲಾಸಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಮೇಲಿಂದ ಬಂದ ಗಾಳಿ ಅಲ್ಲಿ ಸುಳಿಯಾಗಿ ಬೀಳುತ್ತದೆ. ಹೆಲ್ಮೆಟ್ ಗಡಗಡ ಅಲುಗುತ್ತದೆ. ನಾವು ಮನೆಯಿಂದ ಉಲನ್ ದಾರ ತಂದು, ಗೇಣುದ್ದ ತುಂಡು ಮಾಡಿ ಗ್ಲಾಸಿನ ಅಂಚಿಗೆ, ಹೆಲ್ಮೆಟ್ಟಿಗೆ ಅಂಟಿಸಿದೆವು. ನಾನು ಪಕ್ಕದ ಗಾಡಿಯಲ್ಲಿ ಹಿಂದೆ ಕೂತು ನೋಡುತ್ತಿದ್ದೆ. ಹೆಲ್ಮೆಟ್ಟಿನ ದಾರಗಳು ಹಿಂದಕ್ಕೆ ಹಾರುವ ಬದಲು ಮುಂದಕ್ಕೆ ಬಂದು ಅವನ ಹೆಲ್ಮೆಟ್ಟಿನ ಗಾಜಿಗೆ ಬಡಿಯುತ್ತಿದ್ದವು! ಗ್ಲಾಸಿನ ಬುಡದಲ್ಲಿ ಗೇಣುದ್ದ, ಬೆರಳಗಲ ಒಂದು ಸೀಳು ಬಿಟ್ಟು, ಮೇಲಂಚನ್ನು ಅವನ ಕಣ್ಣಿಗಿಂತ ಮೂರು ಬೆರಳು ಕೆಳಗೆ ಕತ್ತರಿಸಿದೆವು. ಮರುದಿನ ದಾರಗಳು ನೆಟ್ಟಗೆ ಹಿಂದಕ್ಕೆ ಮಲಗಿದ್ದವು. ಮಳೆಯಲ್ಲಿ ಗ್ಲಾಸಿನ ಮೇಲಿಂದ ನೋಡಬೇಕು, ಗ್ಲಾಸಿನೊಳಗಿಂದಲ್ಲ. ಎತ್ತರ ಕಡಿಮೆ ಮಾಡಿದ್ದಕ್ಕೆ ಅದೂ ಒಂದು ಕಾರಣ.

ಪೆಟ್ಟಿಗೆಗಳ ಕಥೆ ಚಿಕ್ಕದು. ಆಕ್ಸಲ್ ಮೇಲೆ ಬರುವಂತೆ ಮುಂದಕ್ಕೆ ಸರಿಸಿದೆವು. ಬಲಕ್ಕೆ ಸೈಲೆನ್ಸರ್ ಇರುವುದರಿಂದ ಆ ಕಡೆಯ ಪೆಟ್ಟಿಗೆ ಆಳ ಕಡಿಮೆ, ತಳಕ್ಕೆ ತಗಡಿನ ಮರೆ. ಮುಚ್ಚಳಕ್ಕೆ ಕಾರಿನ ಬಾಗಿಲ ರಬ್ಬರು, ಇಲ್ಲದಿದ್ದರೆ ಎರೆಮಣ್ಣಿನ ಧೂಳು ರೊಟ್ಟಿ ಡಬ್ಬಿಯೊಳಗೂ ಹೋಗುತ್ತದೆ. ಒಳಗೆ ಕೆಂಪು ಬಣ್ಣದಲ್ಲಿ '5 ಕಿಲೋ' ಅಂತ ಬರೆದಿದ್ದೇನೆ. ಅವನು ಏಳು ತುಂಬುತ್ತಾನೆ, ಗೊತ್ತು.

ಕಾಗದದ ಮಾತು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅಡಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಅದಕ್ಕೇ ನಾವು ಚಾಸಿ, ಎಂಜಿನ್, ಸೈಲೆನ್ಸರ್, ಹ್ಯಾಂಡಲ್ ಯಾವುದನ್ನೂ ಮುಟ್ಟಲಿಲ್ಲ. ಹೆಡ್‌ಲೈಟು, ಇಂಡಿಕೇಟರು, ನಂಬರ್ ಪ್ಲೇಟು ಇದ್ದಲ್ಲೇ ಇವೆ, ಕಾಣುತ್ತವೆ. ಹೀಗೆ ಮಾಡಿದರೆ ಯಾರೂ ಕೇಳುವುದಿಲ್ಲ ಅಂತ ನಾನು ಭರವಸೆ ಕೊಡುವುದಿಲ್ಲ. ರಸ್ತೆಯಲ್ಲಿ ನಿಲ್ಲಿಸಿದವರ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ. ಒಮ್ಮೆ ಜೇವರ್ಗಿ ದಾರಿಯಲ್ಲಿ ನಿಲ್ಲಿಸಿದರು, ನೋಡಿದರು, ಬಿಟ್ಟರು. ಇನ್ಶೂರೆನ್ಸಿನವರಿಗೆ ಫೋಟೋ ಸಮೇತ ಬರೆದು ತಿಳಿಸಿದ್ದೇವೆ. ಹೊರಗಿನಿಂದ ಹಾಕಿಸಿದ ಸಾಮಾನು ಪಾಲಿಸಿಯಲ್ಲಿ ತೋರಿಸದಿದ್ದರೆ ಅದಕ್ಕೆ ಪರಿಹಾರ ಸಿಗುವುದಿಲ್ಲ. ಮುಚ್ಚಿಟ್ಟರೆ ಅಪಘಾತದ ದಿನ ಅದೇ ನೆವ ಆಗುತ್ತದೆ.

ಖರ್ಚು ಒಟ್ಟು 34,000 ರೂಪಾಯಿ ಚಿಲ್ಲರೆ. ಅದರಲ್ಲಿ ಹನ್ನೊಂದು ಸಾವಿರ ಪೂರಾ ನೀರಿಗೆ: ಆನ್‌ಲೈನ್ ಫೇರಿಂಗು, ಕರಗಿದ ಅಚ್ಚು, ಮೊದಲ ಬ್ಯಾಟ್‌ವಿಂಗು. ನನ್ನ ಕೂಲಿ ಲೆಕ್ಕಕ್ಕಿಲ್ಲ. ಕಾಕಿ ಎರಡು ಸಲ ಹೋಳಿಗೆ ಕಳಿಸಿದಳು, ಅಷ್ಟೇ.

ಕೊನೆಗೆ ಕಾಟಾ ಮೇಲೆ 219 ಕಿಲೋ. ಪೆಟ್ಟಿಗೆ ತುಂಬಿದರೂ ಮುಂದಿನ ಚಕ್ರದ ತೂಕ ಈಗ ಮೊದಲ ಚೀಟಿಗಿಂತ ಜಾಸ್ತಿ ಇದೆ. ಮೈಲೇಜ್ ಲೀಟರಿಗೆ ಮೂರು ಕಿಲೋಮೀಟರ್ ಬಿದ್ದಿದೆ. ಇಪ್ಪತ್ತು ಕುದುರೆಯ ಎಂಜಿನ್ನಿಗೆ ಅಷ್ಟು ಅಗಲದ ಎದೆ ಕೊಟ್ಟರೆ ಇನ್ನೇನಾಗುತ್ತದೆ. 80ಕ್ಕೆ ಆರಾಮಾಗಿ ಓಡುತ್ತದೆ, 100 ಕೇಳಬಾರದು. ಪಕ್ಕದ ಗಾಳಿಗೆ ಗಾಡಿ ಈಗಲೂ ಸರಿಯುತ್ತದೆ, ಆದರೆ ಇಡಿಯಾಗಿ ಸರಿಯುತ್ತದೆ. ಹ್ಯಾಂಡಲ್ ಕೈಯಲ್ಲೇ ಇರುತ್ತದೆ. ಬೀದರಿನಿಂದ ವಾಪಸ್ ಬಂದು ತಮ್ಮ ಭುಜ ಎತ್ತಿ ತೋರಿಸುತ್ತಾನೆ.

ಆರು ಸಾವಿರ ಕಿಲೋಮೀಟರಿಗೆ ಎಡಗಡೆ ಕೆಳಗಿನ ಬೋಲ್ಟಿನ ಹತ್ತಿರ ಕೂದಲೆಳೆಯ ಬಿರುಕು ಬಂತು. ತುದಿಗೆ ಸಣ್ಣ ತೂತು ಕೊರೆದು ಓಟ ನಿಲ್ಲಿಸಿ, ಒಳಗಿನಿಂದ ಎರಡು ಪದರ ಮ್ಯಾಟ್ ಹಾಕಿ, ಬೋಲ್ಟಿಗೆ ದಪ್ಪ ರಬ್ಬರ್ ವಾಷರ್ ಕೊಟ್ಟೆವು. ಬಲಗಡೆ ಇನ್ನೂ ಬಂದಿಲ್ಲ, ಬರಬಹುದು. ಪ್ರತಿ ಅಮಾವಾಸ್ಯೆ ಗಾಡಿ ತೊಳೆದು ಪೂಜೆ ಮಾಡುವಾಗ ಅಲ್ಲೊಮ್ಮೆ ಬೆರಳಾಡಿಸಿ ನೋಡು ಅಂತ ಹೇಳಿದ್ದೇನೆ.

ಮೊನ್ನೆ ಶಹಾಬಾದಿನಿಂದ ಒಬ್ಬ ಹುಡುಗ ಬಂದಿದ್ದ. ಅವನ ಅವೆಂಜರ್ ಬೈಕಿಗೆ ಬ್ಯಾಟ್‌ವಿಂಗ್ ಬೇಕಂತೆ, ಫೋರ್ಕಿನ ಮೇಲೇ ಬೇಕಂತೆ. ಮೊಬೈಲಿನಲ್ಲಿ ಹತ್ತು ಫೋಟೋ ತೋರಿಸಿದ. ನಾನು ಅವನ ಕೈಗೆ ದಾಲ್ ಮಿಲ್ಲಿನ ದಾರಿ ಬರೆದ ಚೀಟಿ ಕೊಟ್ಟು, ಮೊದಲು ಎರಡೂ ಚಕ್ರ ತೂಗಿಸಿಕೊಂಡು ಬಾ ಅಂದೆ. ಇನ್ನೂ ಬಂದಿಲ್ಲ.